ಗುಂಡುಸೂಜಿ ಕಚ್ಚಿಕೊಂಡವನ ಮಾತು

ಟೆಲಿವಿಷನ್ ಕೇಂದ್ರದ ನೆಲಮಾಳಿಗೆಯಲ್ಲಿ ಕೂತು ಹಳೆಯ ರೀಲುಗಳ ಧೂಳೊರೆಸಿ, ಹರಿದದ್ದನ್ನು ಅಂಟಿಸಿ, ಡಬ್ಬಿಗಳಿಗೆ ಚೀಟಿ ಹಚ್ಚುವ ಹೆಂಗಸಿಗೆ ತನ್ನ ನಿಜವಾದ ಹೆಸರು ರಜೆ ಅರ್ಜಿ ಬರೆಯುವಾಗ ಮಾತ್ರ ನೆನಪಾಗುತ್ತಿತ್ತು. ಉಳಿದಂತೆ ಅವಳು ಎಲ್ಲರಿಗೂ ರೀಲಕ್ಕ. ಬಾಗಿಲ ಕಾವಲುಗಾರನಿಗೂ ರೀಲಕ್ಕ, ಮೇಲಿನ ಮಹಡಿಯಲ್ಲಿ ಸುದ್ದಿ ಓದುವವರಿಗೂ ರೀಲಕ್ಕ, ಅವಳಿಗಿಂತ ಹದಿನೈದು ವರ್ಷ ಚಿಕ್ಕವನಾದ ವಿಭಾಗದ ಮುಖ್ಯಸ್ಥನಿಗೂ ರೀಲಕ್ಕ. ಅವಳಿಗೆ ನಲವತ್ತೊಂಬತ್ತು ತುಂಬಿತ್ತು. ಮದುವೆಯ ಮಾತು ಒಂದೆರಡು ಸಲ ಬಂದು ಹಾಗೇ ತಣ್ಣಗಾಗಿತ್ತು. ಮನೆಯಲ್ಲಿ ಅವಳು ಮತ್ತು ಅಮ್ಮ, ಇಬ್ಬರೇ. ಅಮ್ಮನಿಗೆ ಮೊಣಕಾಲು ಸೋತಿತ್ತು, ನಾಲಿಗೆ ಮಾತ್ರ ಹರಿತವಾಗಿಯೇ ಇತ್ತು.

ಇದೇ ಕಟ್ಟಡದ ಮೂರನೆಯ ಮಹಡಿಯಲ್ಲಿ ಅಪ್ಪ ದರ್ಜಿಯಾಗಿದ್ದ. ನಾಟಕದವರಿಗೆ, ಹಾಡುವವರಿಗೆ, ಹವಾಮಾನ ಹೇಳುವವರಿಗೆ ಬಟ್ಟೆ ಹೊಲಿಯುವ ಕೋಣೆ ಅಲ್ಲಿತ್ತು. ರೀಲಕ್ಕನಿಗೆ ಐದು ತುಂಬುವಷ್ಟರಲ್ಲಿ ಅಪ್ಪ ತೀರಿಕೊಂಡ. ಅವನ ಮುಖ ಅವಳಿಗೆ ನೆನಪಿರಲಿಲ್ಲ. ನೋಡಿಕೊಳ್ಳೋಣವೆಂದರೆ ಮನೆಯಲ್ಲಿದ್ದದ್ದು ಒಂದೇ ಫೋಟೋ, ಮದುವೆಯದು. ಅದರಲ್ಲೂ ಅವನು ಕ್ಯಾಮೆರಾ ಕ್ಲಿಕ್ಕೆನ್ನುವ ಗಳಿಗೆಗೆ ಸರಿಯಾಗಿ ಬಗ್ಗಿ ಹೆಂಡತಿಯ ಉಡುಪಿನ ಅಂಚು ನೆಟ್ಟಗೆ ಮಾಡುತ್ತಿದ್ದಾನೆ. ಕಾಣುವುದು ನೆತ್ತಿ ಮಾತ್ರ. ಅಪ್ಪನ ಬಗ್ಗೆ ಕೇಳಿದರೆ ಅಮ್ಮನ ಉತ್ತರ ಯಾವಾಗಲೂ ಒಂದೇ: "ಏನಿದೆ ಹೇಳೋಕೆ? ಹೊಲೀತಿದ್ರು, ಕೆಮ್ಮುತಿದ್ರು, ಹೋದ್ರು."

ಆ ವರ್ಷ ಮೂರನೆಯ ಮಹಡಿಯಲ್ಲಿ ನೀರಿನ ಪೈಪು ಒಡೆದು, ಬೀಗ ಹಾಕಿಯೇ ಇಟ್ಟಿದ್ದ ಆ ಬಟ್ಟೆಯ ಕೋಣೆಯನ್ನು ತೆರೆಯಬೇಕಾಯಿತು. ಕಪಾಟುಗಳನ್ನು ಸರಿಸಿದಾಗ ಗೋಡೆಗೂ ಕಪಾಟಿಗೂ ನಡುವೆ ಒಂದು ತಗಡಿನ ಡಬ್ಬಿ ಸಿಕ್ಕಿತು. ಕೆಳಗೆ ಬಂದು ರೀಲಕ್ಕನ ಮೇಜಿನ ಮೇಲೆ ಕೂತಿತು. ಮುಚ್ಚಳದ ಮೇಲೆ ಮಾಸಿದ ಅಕ್ಷರ: "ಆಚೆ ಬೀದಿ. ಕಂತು ಹದಿನಾರು. ಬಿಗಿ ತೋಳು."

ರೀಲಕ್ಕ ಅದನ್ನು ಎರಡು ಸಲ ಓದಿದಳು. 'ಆಚೆ ಬೀದಿ' ನಲವತ್ತೈದು ವರ್ಷದ ಹಿಂದೆ ಶುಕ್ರವಾರದ ಸಂಜೆಗಳಲ್ಲಿ ಬರುತ್ತಿದ್ದ ಭಯದ ಕತೆಗಳ ಸರಣಿ. ವಾರಕ್ಕೊಂದು ಕತೆ, ಅರ್ಧ ಗಂಟೆ. ಉದ್ದನೆಯ ಮನುಷ್ಯನೊಬ್ಬ ಬೀದಿದೀಪದ ಕೆಳಗೆ ಕೊಡೆ ಹಿಡಿದು ನಿಂತು, "ಬನ್ನಿ, ಈ ಕಡೆ ಯಾರೂ ಬರೋದಿಲ್ಲ" ಎಂದು ಕರೆಯುವುದರಿಂದ ಶುರು. ಇಪ್ಪತ್ತಾರು ವಾರ ನಡೆದು ನಿಂತುಹೋಯಿತು. ಆಗೆಲ್ಲ ಟೇಪು ಸಾಕಾಗುತ್ತಿರಲಿಲ್ಲ, ಒಂದನ್ನು ಅಳಿಸಿ ಅದರ ಮೇಲೆ ಇನ್ನೊಂದನ್ನು ತುಂಬುತ್ತಿದ್ದರು. ಭೂತಗಳ ಮೇಲೆ ಫುಟ್‌ಬಾಲ್ ಪಂದ್ಯ ಬಂತು, ಪಂದ್ಯದ ಮೇಲೆ ಅಡುಗೆ ಪಾಠ ಬಂತು. ಸರಣಿಯಲ್ಲಿ ಒಂದು ಕಂತೂ ಉಳಿದಿಲ್ಲವೆಂದು ದಾಖಲೆ ಪುಸ್ತಕದಲ್ಲಿ ಅವಳೇ ಬರೆದಿದ್ದಳು. ಈ ಹದಿನಾರನೆಯದು ಯಾವ ಪುಣ್ಯಕ್ಕೋ ಟೇಪಿನ ಬದಲು ಕಪ್ಪು-ಬಿಳುಪು ಫಿಲ್ಮಿನ ಮೇಲೆ ತೆಗೆದದ್ದಾಗಿತ್ತು. ಆದರೆ ಧ್ವನಿಯನ್ನು ಬೇರೆ ಟೇಪಿನಲ್ಲಿ ಹಿಡಿಯುತ್ತಿದ್ದ ಕಾಲ. ಆ ಟೇಪು ಡಬ್ಬಿಯಲ್ಲಿರಲಿಲ್ಲ, ಯಾವ ದೃಶ್ಯದಲ್ಲಿ ಏನಾಗುತ್ತದೆಂದು ಗುರುತು ಹಾಕಿದ ಒಂದು ಹಾಳೆ ಮಾತ್ರ ಇತ್ತು. ಚಿತ್ರ ಉಂಟು, ಮಾತಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಎದ್ದುಹೋದ ಮೇಲೆ ಅವಳು ರೀಲನ್ನು ಚಿತ್ರ ನೋಡುವ ಮೇಜಿನ ತಟ್ಟೆಗೆ ಹಾಕಿ ನಿಧಾನಕ್ಕೆ ತಿರುಗಿಸಿದಳು. ಹಳೆಯ ಫಿಲ್ಮಿನ ಹುಳಿ ವಾಸನೆ ಎದ್ದಿತು. ಪುಟ್ಟ ಗಾಜಿನ ಪರದೆಯ ಮೇಲೆ ಬೆಳಕು ಹಾಲಿನಂತೆ ಕದಡಿ ತಿಳಿಯಾಯಿತು.

ಇಳಿಜಾರು ಬೀದಿ. ಅದರ ಕೊನೆಗೆ ಒಂದು ದರ್ಜಿ ಅಂಗಡಿ. ಅಲ್ಲಿಯ ದರ್ಜಿ ಹೊಲಿಯುವುದು ಸತ್ತವರ ಕೊನೆಯ ಬಟ್ಟೆಯನ್ನು ಮಾತ್ರ. ಅಳತೆ ತಪ್ಪಿದೆಯೆಂದು ಈವರೆಗೆ ಯಾವ ಗಿರಾಕಿಯೂ ದೂರಿಲ್ಲ. ಒಂದು ದಿನ ಬಿಳಿ ನಿಲುವಂಗಿ ತೊಟ್ಟ ಹೆಂಗಸೊಬ್ಬಳು ಒಳಗೆ ಬರುತ್ತಾಳೆ. ಅದು ಎರಡು ದಿನದ ಹಿಂದೆ ಅವನೇ ಹೊಲಿದು ಕಳಿಸಿದ ಬಟ್ಟೆ. ತೋಳೆತ್ತಿ ತೋರಿಸುತ್ತಾಳೆ: ಬಿಗಿ. ಅವನು ನಡುಗುತ್ತಾ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುತ್ತಾನೆ. ಮರುದಿನ ಮತ್ತೆ ಬರುತ್ತಾಳೆ, ಕುತ್ತಿಗೆ ಸರಿಯಿಲ್ಲ. ಅದರ ಮರುದಿನ, ಬೆನ್ನಿನ ಗುಂಡಿ ಹಾಕಿಕೊಳ್ಳಲು ಅಲ್ಲಿ ಯಾರೂ ಇಲ್ಲ. ಬರಬರುತ್ತಾ ಅವನ ನಡುಕ ಹೋಗುತ್ತದೆ. ಅವಳು ಬರುವ ಹೊತ್ತಿಗೆ ಗಡ್ಡ ಕೆರೆದು ಗಲ್ಲ ನುಣ್ಣಗೆ ಮಾಡಿಕೊಂಡು ಕೂರುತ್ತಾನೆ. ಆಮೇಲೊಂದು ಸಂಜೆ ಅವಳು ಒಂದು ಮಡಿಸಿದ ಬಟ್ಟೆ ತಂದು ಮೇಜಿನ ಮೇಲಿಡುತ್ತಾಳೆ. ಗಂಡಸಿನ ಕೋಟಿಗಾಗುವಷ್ಟು. ಅಳತೆ ಯಾರದೆಂದು ಅವನು ಕೇಳುವುದಿಲ್ಲ. ಅಳತೆ ಟೇಪನ್ನು ತನ್ನ ಭುಜಕ್ಕೇ ಹಿಡಿಯುತ್ತಾನೆ.

ರೀಲಕ್ಕ ಇಲ್ಲಿ ಯಂತ್ರ ನಿಲ್ಲಿಸಿದಳು. ದರ್ಜಿಯ ಪಾತ್ರ ಮಾಡಿದವನು ಆ ಕಾಲದ ಹೆಸರಾಂತ ನಟ. ಆದರೆ ಅವನಿಗೆ ಸೂಜಿ ಹಿಡಿಯಲು ಬರುತ್ತಿರಲಿಲ್ಲವೆಂದು ಕಾಣುತ್ತದೆ. ಹೊಲಿಯುವ ದೃಶ್ಯಗಳಲ್ಲೆಲ್ಲ ಕೈಗಳನ್ನು ಮಾತ್ರ ಹತ್ತಿರದಿಂದ ತೋರಿಸಿದ್ದರು. ಅವು ನಟನ ಕೈಗಳಲ್ಲ. ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ, ಎರಡು ದಳದಂತೆ ಬೆಳೆದಿತ್ತು. ಅಪ್ಪನ ಪಕ್ಕ ಮಲಗಿ ಆ ಸೀಳಿನಲ್ಲಿ ತನ್ನ ಕಿರುಬೆರಳ ತುದಿ ಆಡಿಸುತ್ತಾ ನಿದ್ದೆಹೋಗುತ್ತಿದ್ದದ್ದು ಅವಳ ಚರ್ಮಕ್ಕೆ ನೆನಪಿತ್ತು. ಗಾಜಿನ ಮೇಲೆ ಬೆರಳಿಟ್ಟಳು. ಕೆಳಗೆ ಬಲ್ಬು ಉರಿದು ಗಾಜು ಬೆಚ್ಚಗಿತ್ತು. ನೆಲಮಾಳಿಗೆ ನೀರಿನಡಿಯ ಕೋಣೆಯಂತೆ ಒಮ್ಮೆ ತೂಗಿ ನಿಂತಿತು.

ಮನೆಗೆ ಹೋಗಿ ಹೇಳಿದರೆ ಅಮ್ಮ ಇಸ್ತ್ರಿ ಮಾಡುವುದನ್ನು ನಿಲ್ಲಿಸಲೂ ಇಲ್ಲ.

"ಕೈ ನೋಡಿದ್ಯಾ? ಸರಿ. ಕೈ ಒಂದನ್ನ ಅವರು ಚೆನ್ನಾಗಿ ಇಟ್ಕೊಂಡಿದ್ರು."

"ಬಂದು ನೋಡಲ್ವಾ ಅಮ್ಮಾ?"

"ಆ ಮೆಟ್ಟಿಲು ಇಳಿದು ನಾನೇ ಭೂತ ಆಗಬೇಕು. ಬಿಡು."

ವಾರ ಕಳೆಯುವುದರೊಳಗೆ ವಿಷಯ ಮೇಲಿನವರೆಗೆ ಹೋಯಿತು. ಕೇಂದ್ರಕ್ಕೆ ಐವತ್ತು ತುಂಬುವ ಸಂದರ್ಭದಲ್ಲಿ ಇದನ್ನೇ ಪ್ರಸಾರ ಮಾಡೋಣವೆಂದು ತೀರ್ಮಾನವಾಯಿತು. ವಿಭಾಗದ ಮುಖ್ಯಸ್ಥ ಖುಷಿಯಿಂದ ಕೆಳಗಿಳಿದು ಬಂದ. ಮಾತು ಹೋಗಿದೆ ನಿಜ, ತುಟಿ ಓದಬಲ್ಲವರೊಬ್ಬರನ್ನು ಕರೆಸೋಣ, ಅವರು ಹೇಳಿದ್ದನ್ನು ಪರದೆಯ ಕೆಳಗೆ ಅಕ್ಷರದಲ್ಲಿ ಹಾಕೋಣ ಎಂದ. "ಮತ್ತೆ ಗೀರು, ಕಲೆ, ತಪ್ಪು ಏನಿದ್ರೂ ಪಟ್ಟಿ ಮಾಡಿ ಕೊಡಿ ರೀಲಕ್ಕ. ಕಂಪ್ಯೂಟರಿನವರು ಅರ್ಧ ಗಂಟೇಲಿ ಒರೆಸಿಬಿಡ್ತಾರೆ."

ಹಾಗೆ ಬಂದವರು ಮೇಷ್ಟ್ರು. ಮೂರನೆಯ ವಯಸ್ಸಿಗೇ ಕಿವಿ ಹೋಗಿತ್ತು. ಮೂವತ್ತು ವರ್ಷ ಕಿವುಡು ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾಗಿದ್ದರು. ಮಾತಾಡುವಾಗ ದನಿಗೆ ಏರಿಳಿತವಿರಲಿಲ್ಲ, ಬಯಲಿನಲ್ಲಿ ನಡೆದಂತೆ ಸಮನಾಗಿ ಸಾಗುತ್ತಿತ್ತು. ರೀಲಕ್ಕನಿಗೆ ಮೊದಲ ದಿನವೇ ಎಚ್ಚರಿಸಿದರು: "ಮುಖ ಆ ಕಡೆ ಮಾಡಿ ನನ್ನ ಬೈಬೇಡಿ. ಗಾಜಲ್ಲಿ ಕಾಣುತ್ತೆ."

ಎರಡು ದಿನ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತು ಸತ್ತವಳ ಮಾತುಗಳನ್ನು ಒಂದೊಂದಾಗಿ ಹೆಕ್ಕಿದರು. ಮೇಷ್ಟ್ರು ಹೇಳುವರು, ಅವಳು ಬರೆದುಕೊಳ್ಳುವಳು. "ಅಲ್ಲಿ ಚಳಿ ಇಲ್ಲ, ಆದರೂ ತೋಳು ಬಿಗಿಯಾದರೆ ನಿದ್ದೆ ಬರುವುದಿಲ್ಲ." "ನೀವು ಯಾರಿಗಾಗಿ ಬಾಗಿಲು ತೆರೆದಿಡುತ್ತೀರಿ?" ಅಷ್ಟು ವರ್ಷ ತುಟಿಗಳ ಮೇಲೇ ಕಾದು ಕೂತಿದ್ದ ಮಾತುಗಳು ಆ ಸಪಾಟು ದನಿಯಲ್ಲಿ ಕೆಳಗಿಳಿದು ಕಾಗದ ಸೇರುತ್ತಿದ್ದವು. ಕೇಳುತ್ತಾ ಕೇಳುತ್ತಾ ರೀಲಕ್ಕನಿಗೆ ತಾನು ಎಚ್ಚರವಿದ್ದೇನೆಯೇ ಎಂದು ಅನುಮಾನ ಬರುತ್ತಿತ್ತು.

ಮೂರನೆಯ ದಿನ ಕನ್ನಡಿಯ ದೃಶ್ಯ. ಸತ್ತವಳು ನಿಲುವುಗನ್ನಡಿಯ ಮುಂದೆ ನಿಂತು ಸುಮ್ಮನೆ ತನ್ನನ್ನು ನೋಡಿಕೊಳ್ಳುತ್ತಾಳೆ. ಡಬ್ಬಿಯಲ್ಲಿದ್ದ ಹಾಳೆಯ ಪ್ರಕಾರ ಇಲ್ಲಿ ಮಾತಿಲ್ಲ, ಮೈಕೂ ಇಲ್ಲ, ಹಿನ್ನೆಲೆಗೆ ಪಿಟೀಲು ಮಾತ್ರ. ರೀಲಕ್ಕ ಮುಂದಕ್ಕೆ ಓಡಿಸಲು ಹೋದಳು. ಮೇಷ್ಟ್ರು ಅವಳ ಮಣಿಕಟ್ಟು ಹಿಡಿದರು.

"ತಾಳಿ. ಇಲ್ಲಿ ಇನ್ನೊಂದು ಬಾಯಿ ಇದೆ."

"ಎಲ್ಲಿ?"

"ಕೆಳಗೆ. ಕನ್ನಡಿಯ ಎಡ ಮೂಲೆ."

ಅವಳು ಹಿಂದಕ್ಕೆ ತಿರುಗಿಸಿದಳು. ನಿಲುವಂಗಿಯ ಅಂಚು ಕಳಚಿ ಜೋತುಬಿದ್ದಿತ್ತು. ಚಿತ್ರೀಕರಣ ನಿಲ್ಲಿಸದೆ ಅದನ್ನು ಸರಿಮಾಡಲೆಂದು ಯಾರೋ ಒಬ್ಬ ಕ್ಯಾಮೆರಾದ ಕೆಳಗಿನಿಂದ ತೆವಳಿ ಬಂದಿದ್ದಾನೆ. ಕ್ಯಾಮೆರಾಕ್ಕೆ ಅವನು ಕಾಣುವುದಿಲ್ಲ, ಕನ್ನಡಿಗೆ ಕಾಣುತ್ತಾನೆ. ಮಂಡಿಯೂರಿ ಕೂತ ತೆಳ್ಳನೆಯ ಗಂಡಸು, ಕುತ್ತಿಗೆಗೆ ಅಳತೆ ಟೇಪು, ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿ. ಅಂಚಿಗೆ ಸೂಜಿ ಚುಚ್ಚಿ ಒಮ್ಮೆ ಮೇಲೆ ನೋಡುತ್ತಾನೆ, ಏನೋ ಹೇಳುತ್ತಾನೆ, ಮತ್ತೆ ಬಗ್ಗುತ್ತಾನೆ. ನಾಲ್ಕೇ ಸೆಕೆಂಡು, ನೂರು ಫ್ರೇಮು.

ಅಪ್ಪ. ಅಗಲ ಹಣೆ, ಅವಳದೇ ಹಣೆ. ಕಿವಿಗಳು ಮುಂದಕ್ಕೆ ಬಾಗಿ, ಯಾರೋ ಕರೆದದ್ದನ್ನು ಕೇಳಿಸಿಕೊಳ್ಳುತ್ತಿರುವಂತೆ. ವಯಸ್ಸು ಮೂವತ್ತೆರಡೋ ಮೂವತ್ಮೂರೋ ಇರಬೇಕು. ತನ್ನ ಅಪ್ಪ ತನಗಿಂತ ಇಷ್ಟು ಚಿಕ್ಕವನೆಂದು ಅವಳು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ತಮ್ಮನ ಹಾಗಿದ್ದ.

ಅದು ಯಾರೆಂದು ಮೇಷ್ಟ್ರಿಗೆ ಅವಳೇ ಹೇಳಿದಳು. ಅವರು ಕನ್ನಡಕ ಒರೆಸಿಕೊಂಡು ಆ ನೂರು ಫ್ರೇಮುಗಳನ್ನು ಇಪ್ಪತ್ತು ಸಲವಾದರೂ ನೋಡಿದರು. ಕೊನೆಗೆ ಕೈಚೆಲ್ಲಿದರು.

"ನಿಮ್ಮಪ್ಪನ ಮಾತು ನನಗೆ ದಕ್ಕಲ್ಲಮ್ಮ. ಬಾಯಿ ತುಂಬ ಸೂಜಿ. ತುಟಿ ಸೇರೋದೇ ಇಲ್ಲ. ಆದರೆ ಆಕೆ ಉತ್ತರ ಕೊಟ್ಟಿದ್ದಾಳೆ ನೋಡಿ. ತುಟಿ ಅಲ್ಲಾಡಿಸದ ಹಾಗೆ ಹೇಳೋಕೆ ನೋಡಿದ್ದಾಳೆ, ಆದರೂ ಸಿಕ್ಕಿಬಿದ್ದಿದ್ದಾಳೆ."

"ಏನಂತೆ?"

"'ನಗಿಸಬೇಡಿ ಟೈಲರ್ ಮಾಸ್ತರೇ. ನಾನು ಸತ್ತಿದೀನಿ.'"

ರೀಲಕ್ಕ ಮತ್ತೆ ನೋಡಿದಳು. ಹೌದು, ಸತ್ತವಳ ಮೂಗಿನ ಹೊಳ್ಳೆ ಸಣ್ಣಗೆ ಅದುರುತ್ತಿತ್ತು. ಸುಣ್ಣ ಬಳಿದಂಥ ಆ ಮುಖದೊಳಗೆ ನಗು ಉಕ್ಕಿ ಬಂದು, ಹೊರಗೆ ಬರಲಾರದೆ ಹಿಂದಕ್ಕೆ ಹೋಗುತ್ತಿತ್ತು.

ಆ ಸಂಜೆ ಅವಳು ಬಸ್ಸಿನಲ್ಲಿ ಎರಡು ನಿಲ್ದಾಣ ದಾಟಿ ಮುಂದೆ ಹೋಗಿಬಿಟ್ಟಳು. ಹೊಲಿಯುತ್ತಿದ್ದ, ಕೆಮ್ಮುತ್ತಿದ್ದ, ಹೋದ. ಇಷ್ಟರಲ್ಲಿ ನಗಿಸುತ್ತಿದ್ದದ್ದು ಯಾವಾಗ?

ಮನೆಗೆ ಬಂದವಳೇ ಕೇಳಿದಳು. "ಅಮ್ಮಾ, ಅಪ್ಪ ತಮಾಷೆ ಮಾಡ್ತಿದ್ರಾ?"

ಅಮ್ಮನ ಕೈಯಲ್ಲಿದ್ದ ಲೋಟ ಬಾಯಿಗೆ ಹೋಗದೆ ಅಲ್ಲೇ ನಿಂತಿತು. "ಯಾರು ಹೇಳಿದ್ರು ನಿನಗೆ?"

"ಒಬ್ಬಳು ಸತ್ತವಳು."

ಅಮ್ಮ ಅವಳನ್ನೇ ದಿಟ್ಟಿಸಿದಳು. ಲೋಟ ಕೆಳಗಿಟ್ಟು ಕೇಳಿದಳು: "ನಿಮ್ಮ ನೆಲಮಾಳಿಗೆಗೆ ಎಷ್ಟು ಮೆಟ್ಟಿಲು?"

ಇಪ್ಪತ್ತೆರಡು ಮೆಟ್ಟಿಲು. ಮರುದಿನ ಮಧ್ಯಾಹ್ನ ಅಮ್ಮ ಒಂದೊಂದಕ್ಕೂ ಕಟ್ಟಡ ಕಟ್ಟಿದವನಿಗೆ ಶಾಪ ಹಾಕುತ್ತಾ ಇಳಿದಳು. ಮೇಷ್ಟ್ರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಒಳ್ಳೆಯ ಸೀರೆಗೋ ಶಾಲಿಗೋ ಪೆಟ್ಟಿಗೆ ತೆಗೆದವಳಲ್ಲ ಅಮ್ಮ, ಆದರೆ ತಲೆ ಮಾತ್ರ ನೀಟಾಗಿ ಬಾಚಿಕೊಂಡಿದ್ದಳು. ರೀಲಕ್ಕ ರೀಲು ತಿರುಗಿಸಿದಳು. ಕನ್ನಡಿ ಬಂತು. ಮೂಲೆಯಲ್ಲಿ ಅವನು ಬಂದ. ಮೇಲೆ ನೋಡಿದ. ಬಾಯಾಡಿಸಿದ. ಬಗ್ಗಿದ.

ಅಮ್ಮ ಫಕ್ಕನೆ ನಕ್ಕಳು.

ಅದು ಅವಳ ಎಂದಿನ ನಗುವಲ್ಲ. ಒಂದು ಹುಡುಗಿಯ ನಗು, ಬಾಯಿಗೆ ಕೈ ಅಡ್ಡ ಬರುವ ಮೊದಲೇ ಹೊರಬಿದ್ದದ್ದು. ನಕ್ಕವಳೇ ಕಣ್ಣು ಒತ್ತಿಕೊಂಡಳು.

"ಏನಮ್ಮಾ? ನಿನಗೆ ಗೊತ್ತಾಯ್ತಾ?"

"ಗೊತ್ತಾಗದೆ ಏನು? ಏಳು ವರ್ಷ ಆ ಸೂಜಿ ಭಾಷೆ ಕೇಳಿದೀನಿ. ಈ ಮನುಷ್ಯ ಬಾಯಿಂದ ಸೂಜಿ ತೆಗೆದು ಮಾತಾಡಿದ್ದೇ ಕಡಿಮೆ." ಅಮ್ಮ ಪರದೆಯ ಕಡೆಗೇ ನೋಡುತ್ತಾ, ತುಟಿ ಬಿಗಿಹಿಡಿದು, ಹಲ್ಲಿನ ನಡುವಿನಿಂದ ಹೇಳಿದಳು: "'ಏನ್ ತಾಯೀ, ಸತ್ತ ಮೇಲೂ ದಪ್ಪ ಆಗ್ತಾರಾ?'"

ಮೇಷ್ಟ್ರು ಅಮ್ಮನ ತುಟಿಯನ್ನೇ ನೋಡುತ್ತಿದ್ದರು. ಅದೇ ಆಕಾರ, ಪರದೆಯ ಮೇಲೂ ಇಲ್ಲೂ. ಅವರು ಎರಡೂ ಕೈ ಎತ್ತಿ ಗಾಳಿಯಲ್ಲಿ ಅಲ್ಲಾಡಿಸಿದರು. ಕಿವಿ ಕೇಳದವರು ಚಪ್ಪಾಳೆ ತಟ್ಟುವುದು ಹಾಗೆ ಎಂದು ಆಮೇಲೆ ವಿವರಿಸಿದರು.

"ಮತ್ತೆ ನನಗ್ಯಾಕೆ ಹೇಳಲಿಲ್ಲ ಇಷ್ಟು ವರ್ಷ?" ರೀಲಕ್ಕ ಅಮ್ಮನ ಕಡೆ ತಿರುಗಿದಳು. "ಕೆಮ್ಮುತಿದ್ರು ಅಂತ ಮಾತ್ರ ಹೇಳ್ತಿದ್ದೆ."

ಅಮ್ಮ ಪರದೆಯಿಂದ ಕಣ್ಣು ತೆಗೆದಳು. "ಕೆಮ್ಮಿದ್ದನ್ನ ಹೇಳಿದ್ರೆ ಕೋಪ ಬರುತ್ತೆ ಕಣೆ. ಕೋಪ ಇದ್ರೆ ಕೆಲಸ ಆಗುತ್ತೆ. ನಗಿಸ್ತಿದ್ದದ್ದು ನೆನಪಾದ್ರೆ ಕೂತಲ್ಲೇ ಕೂರಬೇಕಾಗುತ್ತೆ. ನಿನ್ನ ಸ್ಕೂಲಿಗೆ ಕಳಿಸೋರು ಯಾರು?"

ಇತ್ತ ಮುಖ್ಯಸ್ಥ ತಪ್ಪುಗಳ ಪಟ್ಟಿ ಕೇಳಿ ಎರಡು ಸಲ ಹೇಳಿ ಕಳಿಸಿದ್ದ. ಮೂರನೆಯ ಸಲ ತಾನೇ ಬಂದು ಚಿತ್ರ ನೋಡಿದ. ಕಣ್ಣು ಚುರುಕಿನವನು, ಮೂಲೆ ಅವನಿಗೂ ಕಂಡಿತು.

"ಅಯ್ಯೋ, ಕನ್ನಡೀಲಿ ಯಾರೋ ಕೂತಿದಾನಲ್ರೀ! ಇದನ್ನ ಪಟ್ಟೀಲಿ ಹಾಕಿಲ್ವಲ್ಲ ನೀವು. ಅಳಿಸಿಬಿಡೋಣ."

"ಗೀರು ತೆಗೀಬಹುದು ಸರ್," ರೀಲಕ್ಕ ಹೇಳಿದಳು. "ಮನುಷ್ಯರನ್ನ ತೆಗೆಯೋದು ನಮ್ಮ ಕೆಲಸ ಅಲ್ಲ."

"ತಪ್ಪು ತಪ್ಪೇ ಅಲ್ವಾ? ಹೆದರಬೇಕಾದ ಜಾಗದಲ್ಲಿ ಜನ ನಗ್ತಾರೆ."

"ಅದು ನಮ್ಮಪ್ಪ."

ಅವನು ಕೂತುಬಿಟ್ಟ. ಕೆಟ್ಟವನಲ್ಲ ಪಾಪ, ಮೇಲಿನವರಿಗೆ ಉತ್ತರ ಹೇಳಬೇಕಾದವನು. ಹಣೆ ಉಜ್ಜಿಕೊಂಡ, ಇನ್ನೊಮ್ಮೆ ಚಿತ್ರ ಓಡಿಸಿ ನೋಡಿದ. ರೀಲಕ್ಕ ತಾನು ಬರೆದಿಟ್ಟಿದ್ದ ಹಾಳೆ ಮುಂದಿಟ್ಟಳು. ದಪ್ಪ ಆಗುವ ಮಾತನ್ನೂ ಸತ್ತವಳ ಉತ್ತರವನ್ನೂ ಓದಿ ಅವನ ಮೀಸೆ ಅಲುಗಿತು. ಬೇಡವೆಂದರೂ ನಗು ಬಂದುಬಿಟ್ಟಿತು.

"'ನಮ್ಮಪ್ಪ' ಅಂತ ಬರೆದ್ರೆ ಮೇಲೆ ಒಪ್ಪಲ್ಲ ರೀಲಕ್ಕ. ಒಂದು ಕೆಲಸ ಮಾಡಿ. ಪಾತ್ರಧಾರಿಗಳ ಪಟ್ಟೀನ ಹೊಸದಾಗಿ ಟೈಪ್ ಮಾಡಿಸ್ತಾ ಇದೀವಲ್ಲ? ಅದರಲ್ಲಿ ಸೇರಿಸಿಬಿಡಿ. ಪಟ್ಟೀಲಿ ಇದ್ದೋನು ನಟ ಆಗ್ತಾನೆ. ನಟನ್ನ ಅಳಿಸೋಕೆ ಯಾರಿಗೂ ಅಧಿಕಾರ ಇಲ್ಲ."

ಅವಳು ಅವತ್ತೇ ಟೈಪ್ ಮಾಡಿಸಿದಳು. ಹೆಸರಾಂತ ನಟನ ಕೆಳಗೆ, ಸತ್ತವಳ ಪಾತ್ರ ಮಾಡಿದವಳ ಕೆಳಗೆ, "ಕನ್ನಡಿಯಲ್ಲಿರುವ ದರ್ಜಿ" ಎಂದು ಬರೆದು ಎದುರಿಗೆ ಅಪ್ಪನ ಪೂರ್ತಿ ಹೆಸರು. ಎಷ್ಟೋ ವರ್ಷದಿಂದ ಅವಳು ಆ ಹೆಸರನ್ನು ಬರೆದಿರಲಿಲ್ಲ. ಮಧ್ಯದ ಅಕ್ಷರಕ್ಕೆ ಒತ್ತು ಇದೆಯೋ ಇಲ್ಲವೋ ಎಂದು ಅಮ್ಮನಿಗೆ ಫೋನು ಮಾಡಿ ಕೇಳಬೇಕಾಯಿತು.

ಶುಕ್ರವಾರ ಸಂಜೆ ಏಳಕ್ಕೆ ಪ್ರಸಾರ. ಮೇಷ್ಟ್ರನ್ನೂ ಮನೆಗೆ ಕರೆದಿದ್ದರು. ಮೂವರೂ ದೀಪ ಆರಿಸಿ ಕೂತರು. ಕೊಡೆ ಹಿಡಿದವನು ಕರೆದ, ಇಳಿಜಾರು ಬೀದಿ ಬಂತು. ಗೀರುಗಳೆಲ್ಲ ಹೋಗಿ ಚಿತ್ರ ಮಂಜಿನಿಂದ ಎದ್ದುಬಂದಂತೆ ಹೊಳೆಯುತ್ತಿತ್ತು. ಕನ್ನಡಿಯ ದೃಶ್ಯಕ್ಕೆ ಅಮ್ಮ ನಗಲಿಲ್ಲ, ತಲೆ ಮಾತ್ರ ಆಡಿಸಿದಳು, ಬಾಗಿಲಲ್ಲಿ ಬಂದು ನಿಂತವರಿಗೆ ಬನ್ನಿ ಎನ್ನುವ ಹಾಗೆ. ಆಮೇಲೆ ದರ್ಜಿ ತನ್ನ ಕೋಟು ಹೊಲಿಯಲು ಕೂತ. ಸೀಳುಗುರಿನ ಕೈ ಕಪ್ಪು ಬಟ್ಟೆಯ ಮೇಲೆ ಓಡಾಡಿತು. ಗುಂಡಿಯ ಕಾಜ ಹೊಲಿಯಿತು, ಮಡಿಕೆ ಹಾಕಿತು, ದಾರವನ್ನು ಹಲ್ಲಿಗೆ ಕೊಡಲು ಚಿತ್ರದಾಚೆಗೆ ಹೋಗಿ ಮರಳಿತು. ಕೋಟು ಮುಗಿಯಿತು. ದರ್ಜಿ ಅದನ್ನು ತೊಟ್ಟು ಸತ್ತವಳ ಮುಂದೆ ನಿಂತ. "ಸರಿಯಾಗಿದೆಯೇ?" "ಸರಿಯಾಗಿದೆ." ಇಬ್ಬರೂ ಬಾಗಿಲು ದಾಟಿ ಇಳಿಜಾರಿನಲ್ಲಿ ಇಳಿದುಹೋದರು. ಖಾಲಿ ಅಂಗಡಿಯಲ್ಲಿ ಅಳತೆ ಟೇಪು ಮೇಜಿನಿಂದ ನಿಧಾನಕ್ಕೆ ಜಾರಿತು.

ಮೇಷ್ಟ್ರು ಹೊರಟ ಮೇಲೂ ಅಮ್ಮ ದೀಪ ಹಾಕಲು ಬಿಡಲಿಲ್ಲ.

"ಆ ಕೋಟು ಕಪ್ಪಲ್ಲ ಕಣೆ," ಎಂದಳು. "ಹಸಿರು. ಬಾಟಲಿ ಹಸಿರು."

"ನಿನಗೆ ಹೇಗೆ ಗೊತ್ತು?"

"ಚಿತ್ರ ತೆಗೆದು ಮುಗಿದ ಮೇಲೆ ಅದನ್ನ ಅವರಿಗೇ ಕೊಟ್ಟರು. ಮನೆಗೆ ತಂದು ಪೂರ್ತಿ ಬಿಚ್ಚಿ, ನಿನಗೆ ಕೋಟು ಹೊಲಿಯೋಕೆ ಕೂತರು. ನಾನು ಜಗಳ ಆಡಿದೆ. ಸತ್ತವನ ಬಟ್ಟೆ ಮಗೂಗೆ ಹಾಕ್ತೀರಾ ಅಂತ. 'ಅವನೆಲ್ಲಿ ಸತ್ತ? ಕ್ಯಾಂಟೀನಲ್ಲಿ ಕಾಫಿ ಕುಡೀತಿದಾನೆ ಹೋಗಿ ನೋಡು' ಅಂದರು."

ರೀಲಕ್ಕನಿಗೆ ಆ ಕೋಟು ನೆನಪಾಯಿತು. ಒರಟು ಬಟ್ಟೆ, ಆಳವಾದ ಜೇಬು, ಚಳಿಗಾಲದ ಬೆಳಗ್ಗೆ ಶಾಲೆಯ ಸಾಲಿನಲ್ಲಿ ನಿಂತಾಗ ಕಿವಿಯವರೆಗೆ ಬರುತ್ತಿದ್ದ ಕಾಲರು. ಬಹಳ ವರ್ಷ ತೊಟ್ಟಿದ್ದಳು. ಅಷ್ಟು ವರ್ಷ ಅದು ಅವಳಿಗೆ ಹೇಗೆ ಆಯಿತೋ.

"ಒಳಗೆ ಬಟ್ಟೆ ಬಿಟ್ಟಿದ್ದರು," ಅಮ್ಮ ಕತ್ತಲಲ್ಲೇ ಅಂಗೈ ಅಡ್ಡ ಹಿಡಿದು ನಾಲ್ಕು ಬೆರಳು ತೋರಿಸಿದಳು. "ತೋಳಿಗೂ ಅಂಚಿಗೂ ಇಷ್ಟು ಬಟ್ಟೆ ಒಳಗೆ ಮಡಿಚಿ ಹೊಲಿದಿದ್ದರು. ಇಷ್ಟು ಯಾಕೆ ಅಂದೆ. ವರ್ಷಕ್ಕೊಂದು ಬೆರಳು ಬಿಚ್ಚು ಅಂದರು. ನೀವೇ ಬಿಚ್ಚಿಕೊಡಿ, ನನಗೆ ನೆಟ್ಟಗೆ ಬರಲ್ಲ ಅಂದೆ. ಆಗ ಮಾತ್ರ ಬಾಯಿಂದ ಸೂಜಿ ತೆಗೆದರು. ಬರುತ್ತೆ, ನಿಧಾನಕ್ಕೆ ಬಿಚ್ಚು ಅಂದರು."

"ಬಂತಾ?"

"ಮೊದಲನೇ ವರ್ಷ ವಕ್ರ ಆಯ್ತು. ನೀನು ಅತ್ತೆ. ಆಮೇಲಾಮೇಲೆ ಕೈ ಕೂತಿತು."

ಬೀದಿಯಲ್ಲಿ ಒಂದು ವಾಹನ ಹೋಯಿತು. ಅದರ ಬೆಳಕು ಗೋಡೆಯ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತೇಲಿತು. ಅಮ್ಮ ಇನ್ನೂ ಕೈ ಇಳಿಸಿರಲಿಲ್ಲ. ರೀಲಕ್ಕ ತನ್ನ ಅಂಗೈಯನ್ನು ಆ ನಾಲ್ಕು ಬೆರಳಿನ ಪಕ್ಕ ಹಿಡಿದು, ಆ ಕತ್ತಲಿಗೆ ಹಸಿರು ಬಣ್ಣ ಹಚ್ಚಿ ನೋಡುತ್ತಾ ಕೂತಳು.